ಯಾರ ಕೈಯ ಕೈಮ

ಹಿಡಿ ಮತ್ತೆ ಕಚ್ಚಿಕೊಂಡಿತು. ಕೋಕಿಲಾ ಅದನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಮೈಭಾರವನ್ನೆಲ್ಲ ಹಾಕಿ ಮುಂದಕ್ಕೆ ನೂಕಿದಳು. ಊಟದ ಮೇಜು ಕಿರುಗುಟ್ಟಿತೇ ಹೊರತು ಮಿಷನ್ನಿನ ಮೂತಿಯಿಂದ ಒಂದೆಳೆ ಕೈಮ ಈಚೆಗೆ ಬರಲಿಲ್ಲ.

"ನಾರು ಸುತ್ತಿಕೊಂಡಿರತ್ತೆ. ಬಿಚ್ಚಿ ನೋಡು," ಎಂದ ಅವಳ ಗಂಡ ರಾಜಶೇಖರ, ಮೇಜಿನ ಆ ತುದಿಯಿಂದ. ಅವನ ಮುಂದೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕಾಫಿ.

"ಬೆಳಗಿಂದ ಬಿಚ್ಚೋದೇ ಕೆಲಸ ಆಗಿದೆ ನನಗೆ."

ಅವಳು ಮುಂದಿನ ಬಳೆಯನ್ನು ತಿರುಚಿ ತೆಗೆದಳು. ತೂತಿನ ಬಿಲ್ಲೆಯ ಹಿಂದೆ, ಬ್ಲೇಡಿನ ನಾಲ್ಕೂ ರೆಕ್ಕೆಗೆ ಬಿಳಿಯ ನಾರು ದಾರದುಂಡೆಯ ಹಾಗೆ ಸುತ್ತಿಕೊಂಡಿತ್ತು. ಎಲ್ಕಿನ ಮೊಣಕಾಲಿನ ಮಾಂಸವೇ ಹಾಗೆ. ಈ ಸ್ವೀಡನ್ನಿನ ಕಾಡಲ್ಲಿ ಓಡಾಡುವ ಎಲ್ಕು ನಮ್ಮ ಕಡವೆಗೆ ದೊಡ್ಡಣ್ಣನಂಥ ಪ್ರಾಣಿ. ಅದರ ಕಾಲೆಂದರೆ ತೊಲೆ. ಉಗುರಿನಿಂದ ನಾರು ಎಳೆಯುತ್ತ ಅವಳು ಕೇಳಿದಳು:

"ರೀ, ಆ ಕರೆಂಟಿನ ಮಿಷನ್ನು ಯಾವತ್ತು ಬರೋದು?"

"ನೋಡ್ತಾ ಇದೀನಲ್ಲ. ಎಂಟನೇ ನಂಬರು ಅಂದ್ರೆ ಬಾಯಿ ಚಿಕ್ಕದು. ಇಪ್ಪತ್ತೆರಡು ಅಂದ್ರೆ ಎತ್ತೋಕಾಗಲ್ಲ. ಹನ್ನೆರಡು ಸರಿ, ಆದರೆ ವ್ಯಾಟ್ ನೋಡಬೇಕು. ಎರಡು ಸಾವಿರ ಅಂತ ದೊಡ್ಡಕ್ಷರದಲ್ಲಿ ಹಾಕಿರ್ತಾರೆ. ಅದು ಮಿಷನ್ನು ಕಚ್ಚಿಕೊಂಡಾಗಿನ ಲೆಕ್ಕವಂತೆ. ಸುಮ್ಮನೆ ಓಡುವಾಗ ಐನೂರೂ ಇರಲ್ಲ. ಮೋಸ!"

"ಯಾವುದಾದರೂ ಒಂದು ತಗೊಳ್ರಿ."

"ಯಾವುದಾದರೂ ಒಂದು ತಗೊಂಡು, ಅದು ಕೆಟ್ಟರೆ ಆಮೇಲೆ ಅನ್ನೋಳು ನೀನೇ. ಹೇಗೂ ಸದ್ಯಕ್ಕೆ ಇದಿದೆ. ನಮ್ಮವ್ವಂಗೆ ಇದೂ ಇರಲಿಲ್ಲ, ಮಚ್ಚಲ್ಲೇ ಕೊಚ್ಚೋಳು. ಕೈಮ ಅಂದ್ರೇನು ಹೇಳು? ಕೈಯಲ್ಲಿ ಮಾಡೋದು. ಹೆಸರಲ್ಲೇ ಇದೆ ಕಣೆ."

ಈ ಮಾತನ್ನು ಅವನು ಈ ಚಳಿಗಾಲದಲ್ಲಿ ಎಷ್ಟು ಸಲ ಹೇಳಿದ್ದನೋ, ಅಷ್ಟೂ ಸಲ ತಾನೇ ಮೊದಲು ನಕ್ಕಿದ್ದ. ಕೋಕಿಲಾ ಮೊದಲೆರಡು ಸಲ ನಕ್ಕಿದ್ದಳು.

ರಾಜಶೇಖರ ಶಿಸ್ತಾ ಎಂಬ ಬಡಾವಣೆಯ ಟೆಲಿಕಾಂ ಕಂಪನಿಯಲ್ಲಿ ತಲೆ ಬಿಳಿಯಾಗುವವರೆಗೆ ದುಡಿದು ನಿವೃತ್ತನಾದವನು. ಕೈಕಟ್ಟಿ ಕೂರಲಾಗದೆ, ಹಳೆಯ ಸಹೋದ್ಯೋಗಿಯೊಬ್ಬನ ಮಾತಿಗೆ ಬೇಟೆಯ ಪರೀಕ್ಷೆ ಪಾಸು ಮಾಡಿದ. ಓರೆಬ್ರೂ ಪಟ್ಟಣದಾಚೆಯ ಕಾಡಿನ ಬೇಟೆ ತಂಡವೊಂದು ಅವನನ್ನು ಸೇರಿಸಿಕೊಂಡಿತು. ಮೊದಲ ಅಕ್ಟೋಬರಿನಲ್ಲಿ ಅಲ್ಲಿಂದ ಫೋನು ಮಾಡಿದಾಗ ಅವನ ದನಿ ಮಾಗಡಿ ಹುಡುಗನ ದನಿಯಾಗಿತ್ತು.

"ಕೋಕಿಲಾ, ನಮ್ಮೂರ ಗುಡ್ಡೆ ಬಾಡೇ ಕಣೆ! ಹೊಸತೊಡಕಿಗೆ ಎಲೆ ಹಾಸಿ ಪಾಲು ಹಾಕ್ತಿದ್ರಲ್ಲ, ಥೇಟ್ ಹಾಗೇ. ಮೇಜಿನ ಮೇಲೆ ಗುಡ್ಡೆ ಗುಡ್ಡೆ. ಒಬ್ಬ ಬೆನ್ನು ತಿರುಗಿಸಿ ನಿಂತ್ಕೊತಾನೆ, ಇನ್ನೊಬ್ಬ ಗುಡ್ಡೆ ಮುಟ್ಟಿ 'ಇದು ಯಾರಿಗೆ' ಅಂತಾನೆ, ತಿರುಗಿ ನಿಂತೋನು ಹೆಸರು ಕೂಗ್ತಾನೆ. ನನ್ನ ಹೆಸರು ಕೂಗಿದ ಕಣೆ, ರಾಜ ಅನ್ನೋಕೆ ಬರದೆ ರಾಯಾ ಅಂತ!"

ಆ ರಾತ್ರಿ ಅವಳಿಗೂ ಸಂತೋಷವಾಗಿತ್ತು. ಮಾರನೆಯ ದಿನ ಕಾರಿನ ಡಿಕ್ಕಿ ತೆಗೆದಾಗ ತೊಡೆ, ಭುಜ, ಮೊಣಕಾಲು ಇಡಿಇಡಿಯಾಗಿ ಚೀಲದಲ್ಲಿ ಕೂತಿದ್ದವು. ಬೇಟೆ ಅವನದು, ಪಾಲು ಮನೆಯದು, ಕೆಲಸ ಅವಳದು ಎಂದು ಯಾರೂ ಹೇಳಲಿಲ್ಲ, ಹಾಗೆಯೇ ಆಗಿಹೋಯಿತು. ಎರಡನೆಯ ವರ್ಷವೂ ಆಯಿತು. ಸೊಲ್ಲೆಂಟುನಾದ ಅವರ ಸಾಲುಮನೆಯ ನೆಲಮಾಳಿಗೆಯಲ್ಲಿ ಹೊಸ ಫ್ರೀಜರು ಬಂತು, ತುಂಬಿತು. ಕೋಕಿಲಾ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ ಬಂದು, ಶನಿವಾರ ಭಾನುವಾರ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಈ ಕೈಮಿಷನ್ನು ತಿರುಗಿಸುತ್ತಿದ್ದಳು.

ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಕೊಂಡಿತ್ತು. ಬೇಟೆ ತಂಡದ ಮುಖಂಡ ಗುನ್ನಾರ್ ಹಳೇ ಕಾಲದ ಮನುಷ್ಯ. ಅಂಚೆಯಲ್ಲಿ ಕೇಳುತ್ತಾನೆ, ಅಂಚೆಯಲ್ಲೇ ಉತ್ತರ ಬೇಕೆನ್ನುತ್ತಾನೆ. ಮುಂದಿನ ಅಕ್ಟೋಬರಿಗೆ ಪೂರ್ತಿ ಪಾಲೋ, ಅರ್ಧ ಪಾಲೋ? ಜನವರಿಯಲ್ಲಿ ಬಂದ ಕಾಗದ.

"ಅದಕ್ಕಾದರೂ ಬರೆದುಬಿಡಿ," ಎಂದಳು ಕೋಕಿಲಾ.

"ಮಿಷನ್ನು ಯಾವುದು ಅಂತ ತೀರ್ಮಾನ ಆಗಲಿ. ದೊಡ್ಡದಾದರೆ ಪೂರ್ತಿ ಪಾಲು, ಚಿಕ್ಕದಾದರೆ ಅರ್ಧ. ಒಂದಕ್ಕೊಂದು ಸಂಬಂಧ ಇದೆ."

ಹೀಗೆ ಮಿಷನ್ನಿಗಾಗಿ ಕಾಗದ ಕಾಯಿತು. ಮಿಷನ್ನು ಯಾವುದಕ್ಕೆ ಕಾಯುತ್ತಿತ್ತೋ ಅವಳಿಗೆ ತಿಳಿಯಲಿಲ್ಲ.

ಮುಂದಿನ ವಾರ ಮಗ ಸಂಕೇತ್ ಈ ಕೆಲಸಕ್ಕೆ ಕೈಹಾಕಿದ. ಅವನು ಇಲ್ಲೇ ಬೆಳೆದವನು, ಅಪ್ಪನ ಹಾಗೇ ಶಿಸ್ತಾದಲ್ಲಿ ಕೆಲಸ. ಬಾಡಿಗೆಮನೆ ಸಿಗುವವರೆಗೆ ಎಂದು ಮನೆಯಲ್ಲಿದ್ದ. ರಾತ್ರಿ ಮುದ್ದೆ ಸಾರಿನ ಮುಂದೆ ಫೋನು ನಿಲ್ಲಿಸಿಕೊಂಡು ಕೂತ.

"ಅಪ್ಪ, ನಾನು ಎಕ್ಸೆಲ್ ಮಾಡಿದೀನಿ. ಸ್ಟೀಲ್, ಅಲ್ಯುಮಿನಿಯಂ ಅಂತ ಸೆಪರೇಟ್ ಕಾಲಂ. ಸೌಂಡ್ ಲೆವೆಲ್ಲೂ ಇದೆ."

"ಅಲ್ಯುಮಿನಿಯಂ ಬೇಡ ಕಣೋ, ಪಾತ್ರೆ ತೊಳೆಯೋ ಮಿಷನ್ನಿಗೆ ಹಾಕಿದರೆ ಕಪ್ಪಾಗತ್ತೆ."

"ಹಾಗಂತ ಡೈರೆಕ್ಟಾಗಿ ಬೇಡ ಅನ್ನೋಕಾಗಲ್ಲ. ಎಲ್ಲರ ಅಭಿಪ್ರಾಯ ಬರಲಿ. ಅಮ್ಮ, ನಿಂಗೆ ಸಾಸೇಜ್ ಅಟ್ಯಾಚ್‌ಮೆಂಟ್ ಬೇಕಾ?"

"ನನಗೆ ಮಿಷನ್ನು ಬೇಕು."

"ಅದು ಗೊತ್ತು. ಅಟ್ಯಾಚ್‌ಮೆಂಟ್ ಎಸ್ ಆರ್ ನೋ?"

"ತೊಳೆಯೋದು ಯಾರು ಅಂತ ಒಂದು ಕಾಲಂ ಇದೆಯೇನೋ ಅದರಲ್ಲಿ?"

ಸಂಕೇತ್ ಫೋನಿನ ಮೇಲೆ ಬೆರಳಾಡಿಸಿದ: "ಗುಡ್ ಪಾಯಿಂಟ್. ಈಸಿ ಟು ಕ್ಲೀನ್. ಆ್ಯಡ್ ಮಾಡ್ತೀನಿ."

ಅವಳು ಎದ್ದು ತಟ್ಟೆ ತೆಗೆದಳು. ಇಬ್ಬರ ಮುದ್ದೆಯೂ ಅರ್ಧ ಉಳಿದಿತ್ತು, ಮಾತಿನಲ್ಲಿ ಆರಿಹೋಗಿತ್ತು.

ಯುಗಾದಿ ಹತ್ತಿರ ಬರುತ್ತಿದ್ದಂತೆ ಇನ್ನೊಂದು ತಾಪತ್ರಯ ಬಂತು. ಕನ್ನಡ ಕೂಟದ ಕೆಲವು ಮನೆಯವರನ್ನು ಹಬ್ಬದ ಮರುದಿನದ ಹೊಸತೊಡಕಿನ ಬಾಡೂಟಕ್ಕೆ ಕರೆದುಬಿಟ್ಟಿದ್ದೇನೆಂದು ರಾಜಶೇಖರ ತಿಳಿಸಿದ.

"ಎಲ್ಕಿನ ಕೈಮ ಉಂಡೆ ಸಾರು ಅಂದೆ. ನಂದಕುಮಾರ ಫೋನಲ್ಲೇ ಬಾಯಿ ಚಪ್ಪರಿಸಿದ."

"ನನ್ನ ಒಂದು ಮಾತು ಕೇಳಿದಿರಾ?"

"ನೀನು ಬೇಡ ಅಂತೀಯಾ?"

"ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದಳು ಅವಳು. ಬಲಗೈಯ ಮಣಿಕಟ್ಟು ಆ ಹೊತ್ತಿಗಾಗಲೇ ಹೆಬ್ಬೆರಳಿನ ಬುಡದಿಂದ ಉರಿಯುತ್ತಿತ್ತು. ಶಾಲೆಯಲ್ಲಿ ದೊಡ್ಡ ಪಾತ್ರೆ ಎತ್ತುವಾಗ ಎಡಗೈಗೆ ಬದಲಾಯಿಸಿಕೊಳ್ಳುತ್ತಿದ್ದಳು.

ಅವತ್ತೇ ಅವಳು ಮಗಳಿಗೆ ಫೋನು ಮಾಡಿದಳು. ಪಾವನಾ ಮೂರು ವರ್ಷ ಓರೆಬ್ರೂನಲ್ಲೇ ಓದಿ, ಅಲ್ಲಿನ ಆಸ್ಪತ್ರೆಯಲ್ಲಿ ಹೊಸದಾಗಿ ನರ್ಸಾಗಿ ಸೇರಿದ್ದಳು. ವಾರ್ಡಿನ ಕಾರಿಡಾರಿನಲ್ಲಿ ನಿಂತೇ ಅಮ್ಮನ ಮಾತು ಕೇಳುವ ಅವಸರದ ಹುಡುಗಿ.

"ಪಾವನಾ, ಇನ್ನು ನನ್ನ ಕೈಲಾಗಲ್ಲ ಕಣೆ. ಇವರಿಬ್ಬರನ್ನ ನಂಬಿಕೊಂಡರೆ ಆಗೋ ಕೆಲಸ ಅಲ್ಲ. ನನಗೊಂದು ಗ್ರೈಂಡರ್ ಕೊಡಿಸು."

"ಗ್ರೈಂಡರಾ? ಅಷ್ಟೇನಾ ಅಮ್ಮ? ಇಷ್ಟು ವರ್ಷ ಯಾಕೆ ಕೇಳಲಿಲ್ಲ ನೀನು? ನಾನು ನೋಡ್ಕೊತೀನಿ. ನೀನು ಸುಮ್ಮನಿರು."

ಫೋನಿಟ್ಟ ಮೇಲೆ ಕೋಕಿಲಾಳಿಗೆ ಬಹಳ ದಿನಗಳ ನಂತರ ಹಗುರವೆನಿಸಿತು. ಹೆಣ್ಣುಮಗಳಿಗಾದರೂ ಅರ್ಥವಾಯಿತಲ್ಲ!

ಯುಗಾದಿಗೆ ನಾಲ್ಕಾರು ದಿನವಿರುವಾಗ ಪಾವನಾ ಗೆಳತಿಯ ಕಾರಿನಲ್ಲಿ ಬಂದಳು. ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿ, ಮಗುವಿಗೆ ಹಾಕುವ ಹಾಗೆ ಬೆಲ್ಟು ಹಾಕಿ ಕೂರಿಸಿದ ಪೆಟ್ಟಿಗೆ. ಸಂಕೇತ್ ಹೊತ್ತು ತರುವಷ್ಟರಲ್ಲಿ ಏದುಸಿರು ಬಿಟ್ಟ.

"ಏನೇ ಇದು, ಕಲ್ಲಾ?"

"ಕಲ್ಲೇ! ಅಮ್ಮ, ಬಿಚ್ಚು."

ಕೋಕಿಲಾ ಕಂಬಳಿ ಸರಿಸಿದಳು. ಒಳಗಿದ್ದದ್ದು ಸ್ಟೀಲಿನ ಡ್ರಮ್ಮು, ಡ್ರಮ್ಮಿನೊಳಗೆ ಎರಡು ಕರಿಕಲ್ಲಿನ ಗುಂಡು. ದೋಸೆಹಿಟ್ಟು ರುಬ್ಬುವ ಗ್ರೈಂಡರು.

"ಬೆಂಗಳೂರಿಗೆ ವಾಪಸ್ ಹೋಗ್ತಿರೋ ಆಂಟಿ ಹತ್ರ ತಗೊಂಡೆ. ನನ್ನ ಫಸ್ಟ್ ಸ್ಯಾಲರಿದು," ಎಂದಳು ಪಾವನಾ. ಅವಳ ಮುಖ ಅರಳಿತ್ತು. "ಇನ್ನು ನಿನ್ನ ಕೈಗೆ ರೆಸ್ಟು."

ರಾಜಶೇಖರ ಗ್ರೈಂಡರನ್ನೂ ಹೆಂಡತಿಯ ಮುಖವನ್ನೂ ನೋಡಿದ, ತಡೆಯಲಾರದೆ ನಕ್ಕ. "ಸರಿಹೋಯ್ತು. ಹೊಸತೊಡಕಿಗೆ ಎಲ್ಕಿನ ದೋಸೆ ಹುಯ್ಯಿ!"

"ಯಾಕಪ್ಪ ನಗ್ತಿದೀಯ? ನಮ್ಮನೇಲಿ ಗ್ರೈಂಡರ್ ಅಂದ್ರೆ ಯಾವಾಗಲೂ ಇದೇ ತಾನೆ? ಚಿಕ್ಕೋರಿದ್ದಾಗ ಅಮ್ಮ ಮಿಕ್ಸೀಲಿ ಉದ್ದು ರುಬ್ತಾ 'ಒಂದು ಗ್ರೈಂಡರ್ ಇದ್ದಿದ್ರೆ' ಅಂತ ದಿನಾ ಅಂತಿರಲಿಲ್ವಾ?"

ಅನ್ನುತ್ತಿದ್ದಳು, ನಿಜ. ಆಗ ಯಾರೂ ಕೊಡಿಸಿರಲಿಲ್ಲ. ಕೇಳಿದ ಕಾಲದಲ್ಲಿ ಬಾರದ್ದು, ಬೇರೆ ಏನನ್ನೋ ಕೇಳಿದಾಗ ಬೆಲ್ಟು ಹಾಕಿಕೊಂಡು ಬಂದಿತ್ತು. ಕೋಕಿಲಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗಳಿಗೆ ಬೇಜಾರಾಗಬಾರದೆಂದು ಡ್ರಮ್ಮಿನ ಅಂಚು ಸವರಿ, "ಚೆನ್ನಾಗಿದೆ ಕಣೆ," ಎಂದಳು. ಸವರುವಾಗ ಮಣಿಕಟ್ಟು ಚುಳುಕ್ಕೆಂದಿತು, ಮುಖ ಕಿವುಚಿಕೊಂಡಿತು.

ಪಾವನಾ ಅದನ್ನು ಕಂಡಳು. ಕೈ ಹಿಡಿದು, ಹೆಬ್ಬೆರಳನ್ನು ಮೆಲ್ಲಗೆ ಮಡಿಸಿ ನೋಡಿದಳು. ಮುಖದ ಬಣ್ಣವೇ ಬದಲಾಯಿತು.

"ಊದಿದೆ. ಸ್ನಾಯುವಿನ ಎಳೆಗೆ ಉರಿಯೂತ ಬಂದಿದೆ. ದೋಸೆ ರುಬ್ಬಿದ್ರೆ ಹೀಗಾಗಲ್ಲ. ಏನು ತಿರುಗಿಸ್ತಿದೀಯ ನೀನು?"

ಉತ್ತರ ಮೇಜಿನ ಅಂಚಿಗೆ ಕಚ್ಚಿಕೊಂಡು ನಿಂತಿತ್ತು. ಪಾವನಾ ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು, ತನ್ನ ಚೀಲದಿಂದ ಪಟ್ಟಿ ತೆಗೆದು ಅಮ್ಮನ ಕೈಗೆ ಬಿಗಿಯಾಗಿ ಸುತ್ತಿದಳು.

"ಇನ್ನು ಆ ಹಿಡಿ ಮುಟ್ಟೋ ಹಾಗಿಲ್ಲ. ಸೀರಿಯಸ್ಲಿ."

"ಮುಟ್ಟದೆ ಇದ್ದರೆ ಹೊಸತೊಡಕು?" ಎಂದ ರಾಜಶೇಖರ. "ಈ ವಾರ ಆರ್ಡರ್ ಮಾಡಿದರೂ ಮಿಷನ್ನು ಅಷ್ಟರಲ್ಲಿ ಬರಲ್ಲ. ಹಾಗಂತ ನಾಳೆ ಅಂಗಡಿಗೆ ಹೋಗಿ ಸಿಕ್ಕಿದ್ದು ತರೋಕಾಗತ್ತಾ?"

"ತರಬಹುದು ಅಪ್ಪ," ಎಂದಳು ಮಗಳು. "ಜನ ಹಾಗೇ ತರ್ತಾರೆ."

ಮರುದಿನ ರಾಜಶೇಖರ ವಾಕಿಂಗಿಗೆ ಹೋದಾಗ ಕೋಕಿಲಾಳ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು.

"ನಾನು ಗುನ್ನಾರ್, ಬೇಟೆ ತಂಡದವನು," ಎಂದಿತು ಸ್ವೀಡಿಷಿನಲ್ಲಿ ಒಂದು ಒರಟು, ನಿಧಾನದ ದನಿ. "ರಾಯಾ ಫೋನು ತೆಗೆಯುತ್ತಿಲ್ಲ. ತುರ್ತಿಗೆ ಅಂತ ನಿಮ್ಮ ನಂಬರು ಬರೆಸಿದ್ದ. ತುರ್ತೇನಲ್ಲ, ಗಾಬರಿಯಾಗಬೇಡಿ. ನನ್ನ ಕಾಗದಕ್ಕೆ ಉತ್ತರ ಬಂದಿಲ್ಲ, ಅದಕ್ಕೆ."

ಕೋಕಿಲಾಳ ಸ್ವೀಡಿಷು ಸಂಜೆಶಾಲೆಯಲ್ಲಿ ಕಲಿತದ್ದು. ಮಕ್ಕಳನ್ನು ಮಲಗಿಸಿ, ಹಿಮದಲ್ಲಿ ಬಸ್ಸು ಹಿಡಿದು ಹೋಗಿ ಕಲಿತದ್ದು. ಶಾಲೆಯ ಅಡುಗೆಮನೆಯಲ್ಲಿ ಬೆಂದು ಗಟ್ಟಿಯಾದದ್ದು. ರಾಜಶೇಖರನಿಗೆ ಆಫೀಸಿನಲ್ಲಿ ಇಂಗ್ಲಿಷಿನಿಂದಲೇ ಎಲ್ಲ ನಡೆದುಹೋಗಿತ್ತು.

"ಮಿಷನ್ನು ಆರಿಸುವುದು ಮುಗಿದಿಲ್ಲ, ಅದಕ್ಕೆ ತಡ," ಎಂದಳು.

"ಯಾವ ಮಿಷನ್ನು?"

"ಮಾಂಸ ಅರೆಯುವುದು. ಮನೆಗೆ."

"ಮನೆಗೆ ಯಾಕೆ? ನಮ್ಮ ಕೊಟ್ಟಿಗೆಯಲ್ಲಿ ದೊಡ್ಡದಿದೆಯಲ್ಲ. ಪಾಲು ಹಾಕಿದ ಮರುದಿನ, ಭಾನುವಾರ, ಎಲ್ಲರೂ ಅಲ್ಲೇ ಅರೆದುಕೊಂಡು ಹೋಗುತ್ತೇವೆ. ಊಟದ ಹೊತ್ತಿಗೆ ಮುಗಿದಿರುತ್ತದೆ. ರಾಯಾ ಎರಡು ವರ್ಷವೂ ನಿಲ್ಲಲಿಲ್ಲ. ನಿಮ್ಮಲ್ಲಿ ಮನೆಯ ಹೆಂಗಸು ಕೈಯಲ್ಲೇ ಅರೆಯಬೇಕು, ಮಿಷನ್ನಿನದು ಮುಟ್ಟುವುದಿಲ್ಲ, ಅದರ ಹೆಸರಿನಲ್ಲೇ ಕೈ ಅಂತ ಇದೆ ಅಂದ. ನಾವು ಒತ್ತಾಯ ಮಾಡಲಿಲ್ಲ. ಸಂಪ್ರದಾಯ ಅಲ್ಲವೇ? ನನ್ನ ಹೆಂಡತಿಗಂತೂ ನಿಮ್ಮ ಮೇಲೆ ಬಹಳ ಗೌರವ."

ಕೋಕಿಲಾ ಪಟ್ಟಿ ಸುತ್ತಿದ ಕೈಯನ್ನು ನೋಡಿಕೊಂಡಳು.

"ಉತ್ತರ ಈ ವಾರ ಬರುತ್ತದೆ," ಎಂದಳು. "ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ಹೇಳಿ."

ಬಾಗಿಲಲ್ಲಿ ಬೂಟು ಕೊಡವಿಕೊಂಡು ಒಳಬಂದ ರಾಜಶೇಖರನಿಗೆ ಮನೆಯ ಗಾಳಿ ತಿಳಿಯಲಿಲ್ಲ.

"ಇವತ್ತೊಂದು ಡಿಸ್ಕೌಂಟ್ ಬಂದಿದೆ. ಹನ್ನೆರಡನೇ ನಂಬರಿಗೆ..."

"ಕೊಟ್ಟಿಗೇಲಿರೋದು ಎಷ್ಟನೇ ನಂಬರು?"

"ಯಾವ ಕೊಟ್ಟಿಗೆ?"

"ಗುನ್ನಾರ್ ಕೊಟ್ಟಿಗೆ."

ಅವನು ಟೋಪಿ ತೆಗೆಯುತ್ತಿದ್ದವನು ಹಾಗೇ ನಿಂತ. ಮೆಟ್ಟಿಲ ಮೇಲಿಂದ ಪಾವನಾ ಇಳಿದು ಬಂದಳು; ಸಂಕೇತ್ ಕೋಣೆಯ ಬಾಗಿಲು ತೆರೆದ.

"ನಾನು ಮಿಷನ್ನಿಂದು ಮುಟ್ಟಲ್ವಂತೆ. ಸಂಪ್ರದಾಯವಂತೆ. ಯಾವ ಸಂಪ್ರದಾಯ ರೀ ಅದು? ನಮ್ಮವ್ವನ ಮನೇದಾ, ನಿಮ್ಮವ್ವನ ಮನೇದಾ? ಎರಡು ಚಳಿಗಾಲ ನನ್ನ ಕೈ ತಿರುಪಿದಿರಿ. ಅಲ್ಲಿ ಅರ್ಧ ದಿನದಲ್ಲಿ ಮುಗಿಯೋ ಕೆಲಸಕ್ಕೆ!"

"ಮೆಲ್ಲಗೆ ಮಾತಾಡು."

"ಯಾಕೆ ಮೆಲ್ಲಗೆ? ಎಕ್ಸೆಲ್ ಮಾಡುವಾಗ ಜೋರಾಗೇ ಮಾತಾಡ್ತಿದ್ರಲ್ಲ ಇಬ್ರೂ!"

"ಅಮ್ಮ, ನಂಗೆ ಗೊತ್ತೇ ಇರಲಿಲ್ಲ," ಎಂದ ಸಂಕೇತ್. "ಅಪ್ಪ, ಸೀರಿಯಸ್ಲಿ? ಅಲ್ಲಿ ಮಿಷನ್ ಇತ್ತಾ? ನನ್ನ ಇಡೀ ಟೇಬಲ್ಲು..."

"ಆ ಟೇಬಲ್ಲಲ್ಲಿ ಬಾಡು ಕಟ್ಟಿಡು, ಹೋಗು," ಎಂದಳು ಕೋಕಿಲಾ.

ರಾಜಶೇಖರ ಕುರ್ಚಿ ಎಳೆದು ಕೂತ. ಮೇಜಿನ ಮೇಲಿನ ಕೈಮಿಷನ್ನಿನ ಕಡೆ ನೋಡುತ್ತ ಹೇಳಿದ:

"ಕಾಡಲ್ಲಿ ಪರವಾಗಿಲ್ಲ ಕಣೆ. ಕಾಡಲ್ಲಿ ಮಾತಾಡೋ ಹಾಗಿಲ್ಲ, ಎಲ್ಲರೂ ಸುಮ್ಮನಿರ್ತಾರೆ. ಪಾಲು ಹಾಕುವಾಗ ಹೆಸರು ಕೂಗಿದರೆ ಸಾಕು. ಆದರೆ ಆ ಭಾನುವಾರ... ಕಾಫಿ ಇಟ್ಕೊಂಡು, ಅರೀತಾ ಅರೀತಾ ಹಳ್ಳಿ ಮಾತಲ್ಲಿ ಏನೇನೋ ಹೇಳಿ ನಗ್ತಾರೆ. ನನಗೆ ಒಂದಕ್ಷರ ಅರ್ಥ ಆಗಲ್ಲ. ಅವರು ನಕ್ಕಾಗ ನಾನೂ ನಗ್ತೀನಿ. ಅರ್ಧ ದಿನ ಹಾಗೆ ನಕ್ಕು ನಿಲ್ಲೋಕೆ ಆಗಲ್ಲ ಕಣೆ. ಇಷ್ಟು ವರ್ಷ ಈ ದೇಶದಲ್ಲಿದ್ದು, ಅರ್ಥ ಆಗಲ್ಲ ಅಂತ ಹೇಗೆ ಹೇಳೋದು? ಬಾಯಿಗೆ ಬಂದದ್ದು ಹೇಳಿ ಕಾರು ಹತ್ತಿದೆ."

ಕೋಕಿಲಾಳಿಗೆ ಅವನ ಮೇಲೆ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನಿಸಿದ್ದರಿಂದ ಕೈಯ ಉರಿ ಕಡಿಮೆಯಾಗಲಿಲ್ಲ, ಸಿಟ್ಟೂ ಇಳಿಯಲಿಲ್ಲ. ತನಗೂ ಮೊದಲು ಅರ್ಥವಾಗುತ್ತಿರಲಿಲ್ಲ. ಅಡುಗೆಮನೆಯಲ್ಲಿ 'ಏನಂದ್ರಿ, ಇನ್ನೊಂದು ಸಲ ಹೇಳಿ' ಎಂದು ಕೇಳಿ ಕೇಳಿ ಮಾನ ಬಿಟ್ಟು ಕಲಿತಿದ್ದಳು.

"ನಿಮಗೆ ಕೇಳೋಕೆ ನಾಚಿಕೆ. ಅದಕ್ಕೆ ನನ್ನ ಕೈ ಬೆಲೆ," ಎಂದಳು. ಫ್ರಿಜ್ಜಿನಲ್ಲಿ ಕರಗಲು ಇಟ್ಟಿದ್ದ ಮೊಣಕಾಲಿನ ಮಾಂಸದ ಬೋಗುಣಿ ತಂದು ಅವನ ಮುಂದೆ ಕುಕ್ಕಿದಳು. "ಕೈಮ ಅಂದ್ರೆ ಕೈಯಲ್ಲಿ ಮಾಡೋದು ಅಂತ ಹೆಸರಲ್ಲೇ ಇದೆ, ಒಪ್ಪಿದೆ. ಯಾರ ಕೈ ಅಂತ ಹೆಸರಲ್ಲಿಲ್ಲ. ತಿರುಗಿಸಿ."

ಅವನು ಅಂಗಿಯ ತೋಳು ಮಡಿಸಿದ. ಮೊದಲ ಹತ್ತು ಸುತ್ತು ಹುರುಪಿನಲ್ಲಿ ತಿರುಗಿಸಿದ. ಆಮೇಲೆ ಹಿಡಿ ಕಚ್ಚಿಕೊಂಡಿತು.

"ಕಚ್ಕೊಂಡಿದೆ."

"ನಾರು ಸುತ್ತಿಕೊಂಡಿರತ್ತೆ. ಬಿಚ್ಚಿ ನೋಡಿ," ಎಂದಳು ಅವಳು, ಮೇಜಿನ ಆ ತುದಿಯಲ್ಲಿ ಕೂತು, ಕಾಫಿ ಹಿಡಿದುಕೊಂಡು.

ಅವತ್ತು, ಮಾರನೆಯ ದಿನ, ಯುಗಾದಿಯ ಹಿಂದಿನ ದಿನ, ಅಪ್ಪ ಮಗ ಸರದಿಯಲ್ಲಿ ತಿರುಗಿಸಿದರು. ಸಂಕೇತ್ ನಡುವೆ ಒಮ್ಮೆ ಅಂಗಡಿಗೆ ಹೋಗಿ ಯಾವುದಾದರೂ ಮಿಷನ್ನು ತಂದುಬಿಡುವೆನೆಂದ. ಕೋಕಿಲಾ ಬೇಡವೆಂದಳು. ಹೊಸತೊಡಕಿನ ಬೆಳಿಗ್ಗೆ ಪಾವನಾ ಹುರಿಗಡಲೆ ಹಿಟ್ಟು, ಕಾಯಿ, ಲವಂಗ ಚಕ್ಕೆ ಬೆರೆಸಿ, ಅಮ್ಮ ಹೇಳಿದ ಹಾಗೆ ಉಂಡೆ ಕಟ್ಟಿದಳು. ಎಲ್ಕಿನ ಮಾಂಸದಲ್ಲಿ ಕೊಬ್ಬಿಲ್ಲ. ಸಾರಿಗೆ ಬಿಟ್ಟ ಉಂಡೆಗಳಲ್ಲಿ ಕೆಲವು ಒಡೆದವು. ನಂದಕುಮಾರ ಒಡೆದದ್ದನ್ನೂ ಬಳಿದು ತಿಂದು, "ಅಕ್ಕಾ, ಏನು ಕೈ ರೀ ನಿಮ್ಮದು!" ಎಂದ.

"ನನ್ನದಲ್ಲ," ಎಂದಳು ಕೋಕಿಲಾ. "ಅವರದು."

ರಾಜಶೇಖರ ನೋಯುವ ಬಲಗೈ ಬಿಟ್ಟು ಎಡಗೈಯಲ್ಲಿ ನೀರಿನ ಲೋಟ ಎತ್ತಿದ.

ಊಟಕ್ಕೆ ಬಂದವರು ಹೋದ ಮೇಲೆ ಅವಳು ಫ್ರಿಜ್ಜಿನ ಮೇಲಿನ ಕಾಗದ ತೆಗೆದುಕೊಂಡು ಕೂತಳು. ಪಟ್ಟಿ ಸುತ್ತಿದ ಕೈಯಿಂದ ಸ್ವೀಡಿಷಿನಲ್ಲಿ ಮೆಲ್ಲಗೆ ಬರೆದಳು. ರಾಜಶೇಖರ ಹೆಗಲ ಮೇಲಿಂದ ಇಣುಕಿದ.

"ಏನು ಬರೆದೆ? ಓದು."

"'ಪೂರ್ತಿ ಪಾಲು. ಭಾನುವಾರ ನನ್ನ ಗಂಡ ಕೊಟ್ಟಿಗೆಯಲ್ಲಿ ನಿಲ್ಲುತ್ತಾನೆ, ಎಲ್ಲವನ್ನೂ ಅಲ್ಲೇ ಅರೆದು ತರುತ್ತಾನೆ. ನಮ್ಮಲ್ಲಿ ಅಂಥ ಸಂಪ್ರದಾಯವಿಲ್ಲ. ಅವನಿಗೆ ನಿಮ್ಮ ಮಾತು ಅರ್ಥವಾಗುವುದಿಲ್ಲ, ನಿಧಾನವಾಗಿ ಮಾತಾಡಿ.'"

"ಆ ಕೊನೇದು ಹೊಡೆದುಹಾಕು ಕಣೆ."

"ಹಾಗಾದರೆ ಅರ್ಧ ಪಾಲು ಅಂತ ಬರೀಲಾ? ಇಲ್ಲ, ಬೇಡವೇ ಬೇಡ ಅಂತ?"

ಅಡುಗೆಮನೆಯಲ್ಲಿ ಪಾವನಾ ಹೊಸ ಗ್ರೈಂಡರಿಗೆ ನೆನೆದ ಉದ್ದು ಹಾಕಿ ಗುಂಡಿ ಒತ್ತಿದಳು. ಕಲ್ಲು ಗುರ್ರೆಂದು ಸುತ್ತತೊಡಗಿತು.

"ಇರಲಿ," ಎಂದ ರಾಜಶೇಖರ. "ಲಕೋಟೆ ಎಲ್ಲಿದೆ?"

ರೈಲು ನಿಲ್ದಾಣದ ಪಕ್ಕದ ಹಳದಿ ಅಂಚೆಪೆಟ್ಟಿಗೆಯವರೆಗೆ ಇಬ್ಬರೂ ನಡೆದರು. ಕೆಸರುಹಿಮ ಕಾಲಡಿ ಪಚಪಚ ಎನ್ನುತ್ತಿತ್ತು. ಪೆಟ್ಟಿಗೆಯ ಮುಂದೆ ಅವಳು ಲಕೋಟೆಯನ್ನು ಅವನ ಕಡೆಗೆ ಚಾಚಿದಳು.

"ನನ್ನ ಕೈ ನೋಯ್ತಾ ಇದೆ ಕಣೆ," ಎಂದ ಅವನು.

"ಗೊತ್ತು," ಎಂದಳು ಕೋಕಿಲಾ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವನು ಲಕೋಟೆ ತೆಗೆದುಕೊಂಡು, ನೋಯುವ ಕೈಯಲ್ಲೇ ಪೆಟ್ಟಿಗೆಯ ಮುಚ್ಚಳ ಎತ್ತಿ, ಒಳಗೆ ಹಾಕಿದ.